ಶಿಳ್ಳೆ ಹಾಕಿದ ‘ಮೊಸ್’

ಬೀದಿಗೆ ಇನ್ನೂ ಎಚ್ಚರವಾಗಿಲ್ಲ. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಹಳೇ ಹಾಸಿಗೆ ಬಡಿದ ಪುಟ್ಟ ರೆಕಾರ್ಡಿಂಗ್ ಕೋಣೆಯಲ್ಲಿ, ಎಲ್ಲರೂ ‘ಉಚ್ಚಾರಣೆ ಅಕ್ಕ’ ಎನ್ನುವ ಅಕ್ಕ ಬಳೆ ಬಿಚ್ಚಿಟ್ಟು, ಬಿಸಿನೀರು ಗುಟುಕರಿಸಿ, ಮೈಕಿನತ್ತ ಬಾಗುತ್ತಾರೆ. ರೆಕಾರ್ಡಿಂಗಿಗೆ ಮುನ್ನ ದನಿ ಹದಮಾಡಿಕೊಳ್ಳಲು ಹಳೆಯದೊಂದು ಪದ: “ಅ... ಬ್ಲಾ... ಬ... ಮೊಸ್.” ಆಮೇಲೆ ಒಂದೇ ಉಸಿರಲ್ಲಿ, “ಅಬ್ಲಾಬಮೊಸ್.”

ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ‘ನಾವು ಮಾತಾಡುತ್ತಿದ್ದೆವು’. ಬರೆಯುವಾಗ ಮೊದಲಿಗೊಂದು ‘ಹ’ ಇದೆ, ಬಾಯಿಗೆ ಬರುವುದಿಲ್ಲ. “ಮನೇಲಿದ್ದೂ ಮಾತಾಡದಿದ್ದ ನಮ್ಮ ಮಾವನವರ ಹಾಗೆ,” ಅಕ್ಕ ನಗುತ್ತಾರೆ. “ಒತ್ತೆಲ್ಲ ‘ಬ್ಲಾ’ ಮೇಲೆ. ‘ಅಬ್ಲ್’ ಮಾತಿನ ಬೇರು, ‘ಆಬ’ ಅಂದ್ರೆ ಆಗ ನಡೀತಿತ್ತು ಅಂತ, ‘ಮೊಸ್’ ಅಂದ್ರೆ ನಾವೆಲ್ಲ.”

ಹೊರದೇಶದ ದಂಪತಿಯ ಮಕ್ಕಳನ್ನು ಎತ್ತಾಡಿಸುತ್ತ ಕಲಿತ ಭಾಷೆ ಇದು. ಆ ಸಂಸಾರ ಊರು ಬಿಟ್ಟಿತು, ಭಾಷೆ ಅಕ್ಕನ ಬಾಯಲ್ಲೇ ಉಳಿಯಿತು. ಈಗ ಸ್ಪ್ಯಾನಿಷ್ ಕಲಿಸುವ ಆ್ಯಪ್‌ಗೆ ಅವರದೇ ದನಿ. ಹೊಸ ಪದಕ್ಕಿಷ್ಟು ಎಂದು ಕೂಲಿ. ಗಂಡ ತೀರಿಕೊಂಡ ಮೇಲೆ ಅಕ್ಕ, ನಾದಿನಿ ಇಬ್ಬರ ಹೊಟ್ಟೆ ತುಂಬುವುದು ಇದರಿಂದಲೇ.

ಈಚೆಗೆ ಏನೋ ಸರಿಯಿಲ್ಲ. ಹೊಸ ಪದಗಳು ಅಕ್ಕನ ಕೈಗೆ ಬರುವುದು ಕಡಿಮೆಯಾಗಿದೆ, ಆ್ಯಪ್‌ನಲ್ಲಿ ಮಾತ್ರ ಹೆಚ್ಚುತ್ತಲೇ ಇವೆ. ಮೊನ್ನೆ ನಾದಿನಿ ಫೋನ್ ಒತ್ತಿದಾಗ “ಸುಸುರ್ರಾಬಮೊಸ್” ಕೇಳಿಸಿತು: ನಾವು ಪಿಸುಗುಟ್ಟುತ್ತಿದ್ದೆವು. ಅಕ್ಕನದೇ ದನಿ, ಆದರೆ ಅಕ್ಕ ಎಂದೂ ಹೇಳಿರದ ಪದ. ಕೊನೆಗೊಂದು ಸಣ್ಣ ಶಿಳ್ಳೆ ಬೇರೆ.

“ಹೋದ ವರ್ಷ ಮುಂದಿನ ಹಲ್ಲು ಬಿದ್ದಾಗ ನನ್ನ ‘ಸ್’ ಶಿಳ್ಳೆ ಹಾಕ್ತಿತ್ತು. ಹಲ್ಲು ಕಟ್ಟಿಸ್ಕೊಂಡು ಎಲ್ಲಾ ಮತ್ತೆ ಹೇಳಿಕೊಟ್ಟೆ. ಹಳೇವು ಅಳಿಸಿಬಿಟ್ವಿ ಅಂದಿದ್ರು ಆ್ಯಪ್‌ನೋರು.”

“ಹಳೇ ತುಂಡು ಸೇರಿಸಿ ಹೊಲಿದಿದ್ದಾರೆ ಅತ್ತಿಗೆ,” ಎಂದಳಂತೆ ನಾದಿನಿ. “ದರ್ಜಿಗೆ ತೇಪೆ ಮುಚ್ಚೋಕೆ ಬರಲಿಲ್ಲ ಅಷ್ಟೆ!”

ಅಕ್ಕ ಕೇಳಿದರೆ ಆ್ಯಪ್‌ ಕಂಪನಿಯ ಮ್ಯಾನೇಜರ್ ಒಪ್ಪಲಿಲ್ಲ. “ನೀವೇ ಹೇಳಿದ್ದು ಅಕ್ಕಾ, ಮರೆತಿದ್ದೀರಿ.”

“ಯಾವ ಹಲ್ಲಿಂದ ಹೇಳಿದೆ ಸಾರ್?”

ಅಜ್ಜಿಯ ಕಥೆಯಲ್ಲಿ ರಾಕ್ಷಸ ತನ್ನ ಜೀವವನ್ನು ತಾನೇ ಗಿಳಿಯೊಳಗೆ ಬಚ್ಚಿಡುತ್ತಿದ್ದ. ದನಿಯಲ್ಲಿರುವ ಅಕ್ಕನ ಜೀವವನ್ನು ಮಾತ್ರ ಯಾರೋ ಅವರನ್ನು ಕೇಳದೆಯೇ ತುಂಡು ತುಂಡಾಗಿ ಎತ್ತಿಟ್ಟುಕೊಂಡಿದ್ದಾರೆ.

ಇವತ್ತು ಕೊಟ್ಟ ಹಾಳೆಯಲ್ಲಿ ಒಂದೂ ಇಡೀ ಪದವಿಲ್ಲ. ಹೊಲಿಯಲು ಬೇಕಾದ ಬರೀ ತುಂಡುಗಳು: ರ್ರಾ, ಬ, ಮೊಸ್. ಗಾಜಿನಾಚೆ ಮ್ಯಾನೇಜರ್ ಹೆಬ್ಬೆರಳೆತ್ತಿ ‘ಶುರು ಮಾಡಿ’ ಎನ್ನುತ್ತಾರೆ. ಅಕ್ಕ ಹಾಳೆ ಮಗುಚಿಡುತ್ತಾರೆ.

“ಬೇಕಾದ್ರೆ ಇಡಿಯಾಗಿ ತಗೊಳ್ಳಲಿ. ಚೂರು ಮಾಡಿ ಕೊಡಲ್ಲ.”

ನಾಳೆ ಕರೆಯದಿದ್ದರೆ ಎಂದು ಕೇಳಿದರೆ,

“ಕರೀದಿದ್ರೆ ಇನ್ನೇನೋ ಕೆಲಸ ನೋಡ್ಕೋತೀನಿ. ನಾನು ಆಡಿದ್ದಷ್ಟೇ ನನ್ನ ಮಾತಾಗಿರ್ಲಿ, ಸಾಕು.”

ಮತ್ತೆ ಮೈಕಿನತ್ತ ಬಾಗಿ, ಎಲ್ಲೂ ತಡೆಯದೆ ಒಂದೇ ಸಲ ಹೇಳುತ್ತಾರೆ: “ಸುಸುರ್ರಾಬಮೊಸ್.”

ಶಿಳ್ಳೆ ಇಲ್ಲ.