ಚೀಪಿದ್ದು ಔಷಧಿಯಲ್ಲ

ನಮ್ಮ ಮನೆಯಲ್ಲಿ ನೀರು ಕುಡಿದು ನುಂಗಿದರೆ ಅದು ಔಷಧಿ, ದವಡೆಗೆ ಒತ್ತರಿಸಿಕೊಂಡರೆ ಚಟ, ಚೀಪಿದರೆ ಪೆಪ್ಪರಮೆಂಟು. ಈ ವಿಂಗಡಣೆ ಮಾಡಿದವನು ನಮ್ಮಪ್ಪ, ವಿರೂಪಾಕ್ಷಿಪುರದ ಕಡೆ ರೇಷ್ಮೆ ಹುಳು ಸಾಕುವ ಮನುಷ್ಯ. ಹುಳುವಿಗೆ ಹೊಗೆಸೊಪ್ಪಿನ ಸೋಂಕೂ ಆಗದು. ಅದಕ್ಕೇ ಹುಳುಮನೆಗೆ ಕಾಲಿಡುವ ಮುಂಚೆ ಬಾಯಲ್ಲಿದ್ದದ್ದನ್ನು ಉಗಿದು, ಮುಕ್ಕಳಿಸಿ, ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಹುಳುವಿನ ಮೇಲಿದ್ದ ಎಚ್ಚರವೆಲ್ಲ ಅಕ್ಕನ ಮೇಲೂ ಇತ್ತು.

ಅಕ್ಕ ಕಬಡ್ಡಿ ರೈಡರ್. ನಾನೂ ಅದೇ ತಂಡದಲ್ಲಿದ್ದೆ, ಬೆಂಚು ಬಿಸಿ ಮಾಡುವ ಜವಾಬ್ದಾರಿ ನನ್ನದು. ಆ ವರ್ಷ ರಾಜ್ಯಮಟ್ಟದ ಟೂರ್ನಿ ಗೆದ್ದರೆ ಅಕ್ಕ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಮುಂದಿನ ವರ್ಷಕ್ಕೆ ಆ ಕೆಲಸದ ವಯಸ್ಸು ಮೀರುತ್ತಿತ್ತು. ಹಾಗಾಗಿ ಅಪ್ಪ ಮನೆಯಲ್ಲೇ ಒಂದು ಡೋಪಿಂಗ್ ತನಿಖಾ ದಳ ಶುರುಮಾಡಿದ. ಕನಕಪುರದ ಮಾವ ಪ್ರೀತಿಯಿಂದ ತಂದ ಪ್ರೋಟೀನ್ ಡಬ್ಬಿ ನೇರ ತಿಪ್ಪೆಗೆ ಹೋಯಿತು. ಜ್ವರದ ಮಾತ್ರೆಗೂ ಕೋಚ್‌ಗೆ ಫೋನು.

ತಂಡದಲ್ಲಿದ್ದ ಮಾಗಡಿ ಕಡೆಯ ಹುಡುಗಿಯೊಬ್ಬಳು ತುಟಿಯ ಒಳಗೆ ನಿಕೋಟಿನ್ ತುಂಬಿದ ಪುಟ್ಟ ಬಿಳಿ ಚೀಲ ಇಟ್ಟುಕೊಳ್ಳುತ್ತಿದ್ದಳು. ಅದು ನಿಷೇಧವಾಗಿಲ್ಲ, ಡೋಪಿಂಗ್ ಪರೀಕ್ಷೆಯವರು ಸುಮ್ಮನೆ ಗಮನಿಸುತ್ತಿದ್ದಾರೆ ಅಷ್ಟೆ ಎನ್ನುವುದು ಅವಳ ವಾದ. ಅಪ್ಪ ಕೆಂಡವಾದ. ಹೊಗೆಸೊಪ್ಪನ್ನು ಈ ದವಡೆಯಿಂದ ಆ ದವಡೆಗೆ ಸರಿಸಿಕೊಳ್ಳುತ್ತಾ, ಹೆಣ್ಣುಮಕ್ಕಳು ಬಾಯಲ್ಲಿ ಇಂಥದ್ದನ್ನೆಲ್ಲ ಇಟ್ಟುಕೊಂಡರೆ ದೇಶ ಉದ್ಧಾರವಾದ ಹಾಗೇ ಎಂದು ಬಹಳ ಹೊತ್ತು ಬೈದ. ನಗು ತಡೆಯಲಾರದೆ ನಾನು ಕೊಟ್ಟಿಗೆಗೆ ಓಡಿದೆ.

ಟೂರ್ನಿ ಹತ್ತಿರ ಬಂದಾಗ ಅಕ್ಕನ ಗಂಟಲು ಕಟ್ಟಿತು. ರೈಡಿಗೆ ಹೋದವಳು ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು, ದನಿ ನಿಂತರೆ ಔಟು. ಅಪ್ಪ ಚನ್ನಪಟ್ಟಣದ ಸಂತೆಯಿಂದ ಗಂಟಲಿಗೆ ಚೀಪುವ ಹಸಿರು ಬಿಲ್ಲೆಗಳನ್ನು ತಂದ. ಪೊಟ್ಟಣದ ಮೇಲೆ ತುಳಸಿಯ ಚಿತ್ರ ಇತ್ತು. ಒಳಗೇನಿದೆ ಎನ್ನುವುದಕ್ಕೆ ಒಂದಕ್ಷರವೂ ಇರಲಿಲ್ಲ. ಈ ಸಲ ಕೋಚ್‌ಗೆ ಫೋನು ಹೋಗಲಿಲ್ಲ. ಪೆಪ್ಪರಮೆಂಟಿಗೆ ಯಾರಾದರೂ ಅಪ್ಪಣೆ ಕೇಳುತ್ತಾರೆಯೇ? ಫೈನಲ್‌ನ ಹಾಫ್‌ಟೈಮಿನಲ್ಲೂ ಅಪ್ಪನೇ ಬೆಂಚಿನ ಹತ್ತಿರ ಬಂದು ಅವಳ ಬಾಯಿಗೆ ಒಂದು ಬಿಲ್ಲೆ ಹಾಕಿದ. ದನಿ ಬಿಚ್ಚಿಕೊಂಡಿತು. ಗೆದ್ದೆವು.

ಮೂತ್ರದ ಮಾದರಿ ತೆಗೆದುಕೊಂಡ ಅಧಿಕಾರಿ ಈಚೆಗೆ ಯಾವುದಾದರೂ ಔಷಧಿ ತೆಗೆದುಕೊಂಡಿದ್ದೀಯಾ ಎಂದು ಕೇಳಿದರು. ಅಪ್ಪನ ಮಗಳಲ್ಲವೇ, ಅಕ್ಕ ಧೈರ್ಯವಾಗಿ ಇಲ್ಲ ಎಂದಳು. ಮಾಗಡಿಯವಳ ಮಾದರಿಯನ್ನೂ ತೆಗೆದುಕೊಂಡರು. ಅವಳಿಗೆ ಏನೂ ಆಗಲಿಲ್ಲ. ಅಕ್ಕನದರಲ್ಲಿ ಪಂದ್ಯದ ದಿನ ಮೈಯಲ್ಲಿ ಇರಬಾರದ ಉತ್ತೇಜಕ ಸಿಕ್ಕಿತು.

ವಿಚಾರಣೆಗೆ ಅಪ್ಪ, ಅಕ್ಕ, ನಾನು ಮೂವರೂ ಹೋದೆವು. ಯಾರೇ ಕೊಟ್ಟಿರಲಿ, ಮೈಯೊಳಗೆ ಏನಿದೆಯೋ ಅದಕ್ಕೆ ಆಡುವವಳೇ ಹೊಣೆ ಎಂದು ಅಲ್ಲಿದ್ದವರು ಸಮಾಧಾನವಾಗಿಯೇ ತಿಳಿಸಿದರು. ಗೊತ್ತಿಲ್ಲದೆ ಆದದ್ದರಿಂದ ನಿಷೇಧದ ಅವಧಿಯನ್ನು ಒಂದು ವರ್ಷಕ್ಕೆ ಇಳಿಸುತ್ತೇವೆ, ಆದರೆ ಈ ಪದಕ ಅವಳದಲ್ಲ ಎಂದರು. ಅಪ್ಪ ಎದ್ದು ನಿಂತ.

“ಕೊಟ್ಟೋನು ನಾನು ಸಾ. ನನ್ನ ಬ್ಯಾನ್ ಮಾಡಿ.”

ಮೂತ್ರ ನಿಮ್ಮದಲ್ಲವಲ್ಲ ಯಜಮಾನರೇ ಎಂದರು. ಅಪ್ಪ, ಶಿಕ್ಷೆ ಮುಗಿದ ಮೇಲೆ ಇವಳು ಮತ್ತೆ ಆಡಬಹುದೇ ಎಂದು ಕೇಳಿದ. ಧಾರಾಳವಾಗಿ ಎಂದರು. ಅಪ್ಪ ಕೇಸು ಗೆದ್ದವನ ಹಾಗೆ ಅಕ್ಕನ ಕಡೆ ತಿರುಗಿದ.

“ಕೇಳ್ದಾ ಮಗಾ? ಮುಂದಿನ್ ವರ್ಸ ಆಡ್ಬೋದಂತೆ.”

ಅಕ್ಕ ಅವನ ಮುಖವನ್ನೇ ನೋಡಿದಳು.

“ಆಡ್ತೀನಿ ಬುಡಪ್ಪ.”

ಕೆಲಸದ ಮಾತನ್ನು ಇಬ್ಬರೂ ಎತ್ತಲಿಲ್ಲ.