ಅಂಗೈ ಬಿಚ್ಚಿದ ಐದನೆಯ ಬೆಳಗು

ನನ್ನ ಎಡಗೈ ಪೂರ್ತಿಯಾಗಿ ಬಿಚ್ಚಿಕೊಳ್ಳದೆ ಎರಡು ವರ್ಷವಾಗಿತ್ತು. ಬೆಳಿಗ್ಗೆ ಎದ್ದಾಗ ಬೆರಳುಗಳು ಒಳಕ್ಕೆ ಮಡಚಿಕೊಂಡು, ಗಂಟುಗಳು ಊದಿ ಬಿಸಿಯಾಗಿರುತ್ತಿದ್ದವು. ಬಿಸಿನೀರಿನ ಬೋಗುಣಿಯಲ್ಲಿ ಅರ್ಧ ತಾಸು ಇಟ್ಟರೆ ಅರ್ಧ ಬಿಚ್ಚುತ್ತಿದ್ದವು, ಅಷ್ಟೇ. ರುಮಟಾಯ್ಡ್ ಆರ್ಥ್ರೈಟಿಸ್. ಆ ಹೆಸರನ್ನು ತಪ್ಪಿಲ್ಲದೆ ಉಚ್ಚರಿಸಿದೆನೆಂದು ಬಳ್ಳಾರಿಯ ನಮ್ಮ ಡಾಕ್ಟರಮ್ಮ ಮೆಚ್ಚಿಕೊಂಡರು. ಮೆಚ್ಚುಗೆಯಿಂದ ಬೆರಳಿಗೇನೂ ಉಪಯೋಗವಾಗಲಿಲ್ಲ.

ಬ್ಲೌಸಿನ ಹುಕ್ಕುಗಳನ್ನು ನಮ್ಮ ಮನೆಯವರು ಹಾಕಿಕೊಡುತ್ತಿದ್ದರು. ರೈಲ್ವೆಯಲ್ಲಿ ದುಡಿದು ರಿಟೈರ್ ಆದವರು. ಗೂಡ್ಸ್ ಗಾಡಿಗೆ ಡಬ್ಬಿ ಜೋಡಿಸುವುದು ಇದಕ್ಕಿಂತ ಸಲೀಸು ಎಂದು ಗೊಣಗುತ್ತಿದ್ದರು. ಕಾಫಿ ಲೋಟವನ್ನು ಎರಡೂ ಕೈಯಿಂದ ಹಿಡಿಯುವುದನ್ನು ಕಲಿತೆ. ಇವನ್ನೆಲ್ಲ ಹೇಗೋ ಮ್ಯಾನೇಜ್ ಮಾಡಿದೆ. ಮ್ಯಾನೇಜ್ ಮಾಡಲಾಗದೆ ಉಳಿದದ್ದು ಪೂಜೆ.

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ, ಅದನ್ನೇ ನೋಡುತ್ತ ಕೂಡಬೇಕು. ಅಂಗೈಯೇ ಪೀಠ. ನನ್ನ ಅಂಗೈ ನೆಟ್ಟಗೆ ನಿಲ್ಲದಂತಾದ ಮೇಲೆ, ಉರುಳಿ ಬಿದ್ದೀತೆಂಬ ಭಯಕ್ಕೆ, ಲಿಂಗವನ್ನು ಒಂದು ಪುಟ್ಟ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದೆ. ಯಾರೂ ತಪ್ಪೆನ್ನಲಿಲ್ಲ. ನನಗೆ ಮಾತ್ರ ದಿನವೂ ಬೇರೆ ಯಾರದೋ ಮನೆಯ ದೇವರಿಗೆ ಕೈಮುಗಿದು ಬಂದಂತೆ ಅನಿಸುತ್ತಿತ್ತು. ಲಿಂಗ ಕೈಜಾರಿ ನೆಲಕ್ಕೆ ಬಿದ್ದರೆ ಬೀಳಿಸಿದವರು ಪ್ರಾಣ ಇಟ್ಟುಕೊಳ್ಳಬಾರದು ಎಂದು ಕುರುಗೋಡಿನ ನಮ್ಮಜ್ಜಿ ಹೇಳುತ್ತಿದ್ದಳು. ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು, ಆ ಮಾತು ಹೋಗಿಲ್ಲ.

ಅದರ ಜೊತೆಗೇ ಇನ್ನೊಂದು ಮಾತೂ ನೆನಪಿಗೆ ಬರುತ್ತದೆ. ಕಂಟೋನ್ಮೆಂಟಿನ ಕಾನ್ವೆಂಟಿಗೆ ನನ್ನನ್ನು ಬೋರ್ಡಿಂಗಿಗೆ ಬಿಟ್ಟ ವರ್ಷ, ಯೂನಿಫಾರ್ಮಿನ ಕಾಲರಿನಿಂದ ಇಣುಕಿದ ಲಿಂಗದ ದಾರವನ್ನು ನೋಡಿ ನಮ್ಮ ಸಿಸ್ಟರ್ ಏನದು ಎಂದು ಕೇಳಿದ್ದರು. ದೇವರು ಎಂದೆ. ಕ್ಲಾಸು ನಕ್ಕಿತು. ಸಿಸ್ಟರ್ ನಗಲಿಲ್ಲ. ದಾರವನ್ನು ಒಳಗೆ ಸರಿಸಿ, "ದೆನ್ ಡೋಂಟ್ ಡ್ರಾಪ್ ಹಿಮ್, ಚೈಲ್ಡ್," ಎಂದರು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಲೆಂಟ್, ಬಂದರೆ ಆಕೆ ದಿನಕ್ಕೊಂದೇ ಊಟ ಮಾಡುತ್ತಿದ್ದರು. ಆ ದಿನಗಳಲ್ಲಿ ಅವರ ಮುಖ ತೊಳೆದಿಟ್ಟ ಪಿಂಗಾಣಿಯ ಹಾಗೆ ಕಾಣುತ್ತಿತ್ತು. ಉಪವಾಸವೆಂದರೆ ನನ್ನ ಕಣ್ಣ ಮುಂದೆ ಇವತ್ತಿಗೂ ಬರುವುದು ಆ ಮುಖವೇ.

ಅದಕ್ಕೇ ಇರಬೇಕು, ವಾಟರ್ ಫಾಸ್ಟಿಂಗ್ ಕುರಿತ ವಿಡಿಯೋ ಬಂದಾಗ ಅದನ್ನು ಮೂರು ಸಲ ನೋಡಿದೆ. ಬರೀ ನೀರು, ಏಳು ದಿನ, ಕೀಲಿನ ಬಾವು ಮಂಗಮಾಯ. ಕಳಿಸಿದವಳು ಸಿರುಗುಪ್ಪದಲ್ಲಿರುವ ನನ್ನ ತಂಗಿ; ಅವಳು ತನಗೆ ಬಂದದ್ದನ್ನೆಲ್ಲ ನೋಡದೆಯೇ ಮುಂದಕ್ಕೆ ದೂಡುವವಳು. ನಾನು ಮಾಡುತ್ತೇನೆ ಎಂದಾಗ ಮನೆಯವರು ಪೇಪರ್ ಕೆಳಗಿಟ್ಟರು.

"ನೀರು ಕುಡ್ದು ಬದುಕಾಕ ನೀನೇನು ಹುಣಸಿ ಗಿಡ ಏನು? ಡಾಕ್ಟರಮ್ಮನ್ನ ಕೇಳಿದೇನು?"

ಕೇಳಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು. ಮರುದಿನ ತಂಗಿಯ ಮನೆಗೆ ನಾಲ್ಕು ದಿನ ಇದ್ದು ಬರುತ್ತೇನೆಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ.

ಉಪವಾಸಕ್ಕೆ ಸಿರುಗುಪ್ಪಕ್ಕಿಂತ ಕೆಟ್ಟ ಊರಿಲ್ಲ. ಆಗಷ್ಟೇ ಭತ್ತದ ಕಟಾವು ಮುಗಿದಿತ್ತು. ತಂಗಿಯ ಮನೆಯ ಹಿಂದಿನ ರೈಸ್ ಮಿಲ್ಲಿನಿಂದ ಕುದಿಸಿದ ಭತ್ತದ ವಾಸನೆ ದಿನವಿಡೀ ಬರುತ್ತಿತ್ತು. ಪಾಪ, ತಂಗಿ ನನ್ನ ಕಣ್ಣಿಗೆ ಬೀಳದಂತೆ ಹಿತ್ತಲಿನಲ್ಲಿ ಕೂತು ಉಣ್ಣುತ್ತಿದ್ದಳು. ಕಾಯಿಸಿ ಆರಿಸಿದ ನೀರನ್ನು ತಾಮ್ರದ ಚೊಂಬಿನಲ್ಲಿ ಇಟ್ಟಿರುತ್ತಿದ್ದಳು. ನಾನು ಮಣೆಯ ಮೇಲಿನ ಲಿಂಗಕ್ಕೆ ಅರ್ಪಿಸಿ ಕುಡಿಯುತ್ತಿದ್ದೆ. ಮೊದಲ ದಿನ ತಲೆನೋವು. ಎರಡನೆಯ ದಿನ ಎಲ್ಲರ ಮೇಲೂ ಸಿಟ್ಟು. ಬಳ್ಳಾರಿಯ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಕಣ್ಣ ಮುಂದೆ ಬಂದು ಅತ್ತೇಬಿಟ್ಟೆ. ಮೂರನೆಯ ದಿನ ಹಸಿವು ಎಲ್ಲಿಗೋ ಹೊರಟುಹೋಯಿತು. ನಾಲ್ಕನೆಯ ದಿನ ಗಂಟುಗಳ ಮೇಲಿನ ಚರ್ಮ ಸಡಿಲಾಗಿ, ಬೆರಳಿನ ಗೆರೆಗಳು ಮತ್ತೆ ಕಂಡವು.

ಮಾತ್ರೆಗಳ ಲಕೋಟೆಗಳು ನನ್ನ ಬ್ಯಾಗಿನಲ್ಲೇ ಇದ್ದವು. ಪ್ರತಿಯೊಂದರ ಮೇಲೂ ಆಫ್ಟರ್ ಫುಡ್ ಎಂದು ಬರೆದಿತ್ತು. ಫುಡ್ ಇಲ್ಲ, ಆದ್ದರಿಂದ ಮಾತ್ರೆಯೂ ಇಲ್ಲ ಎಂದುಕೊಂಡೆ. ಬರೆದದ್ದನ್ನು ಬರೆದ ಹಾಗೆ ಪಾಲಿಸುವುದನ್ನು ನನಗೆ ಎಳವೆಯಲ್ಲೇ ಕಲಿಸಿದ್ದರು. ಅದರಲ್ಲೊಂದು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಸ್ಟೆರಾಯ್ಡ್ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೂ ಹಾಗೆ ಮಾಡಿದೆ.

ಐದನೆಯ ಬೆಳಿಗ್ಗೆ ಬೋಗುಣಿಯ ಬಿಸಿನೀರಿಲ್ಲದೆ ಕೈ ಬಿಚ್ಚಿತು. ಸುಳ್ಳಲ್ಲ. ಹಾಸಿಗೆಯಲ್ಲಿ ಕೂತು ಎಡ ಅಂಗೈಯನ್ನು ನೋಡುತ್ತಲೇ ಇದ್ದೆ. ಎಷ್ಟೋ ದಿನದ ಮೇಲೆ ಮನೆಗೆ ಬಂದವರನ್ನು ನೋಡುವ ಹಾಗೆ. ತಂಗಿಯನ್ನು ಕರೆದು ತೋರಿಸಿದೆ. ಅವಳು ಅಂಗೈಯನ್ನಲ್ಲ, ನನ್ನ ಮುಖವನ್ನು ನೋಡಿದಳು. ಬೆಳ್ಳಗೆ ಬಿಳಿಚಿಕೊಂಡಿದ್ದೀಯ, ಇವತ್ತು ಗಂಜಿ ಕುಡಿ ಎಂದಳು. ಮೊದಲು ಕುರುಗೋಡಿಗೆ ಹೋಗಬೇಕು ಎಂದೆ. ಹುಡುಗಿಯಾಗಿದ್ದಾಗ ಅಲ್ಲಿಯ ಬಸವಣ್ಣನ ಗುಡಿಯಲ್ಲಿ ಅವ್ವನ ಪಕ್ಕ ಕೂತು ಮೊದಲ ಸಲ ಲಿಂಗವನ್ನು ಅಂಗೈಗೆ ತೆಗೆದುಕೊಂಡಿದ್ದೆ. ಕೈ ಮತ್ತೆ ಬಂದದ್ದನ್ನು ಅಲ್ಲೇ ತೋರಿಸಬೇಕೆಂಬ ಹಟ. ತಂಗಿ ಬೈಯುತ್ತಲೇ ಕಾರು ಗೊತ್ತುಮಾಡಿ ಜೊತೆಗೆ ಬಂದಳು.

ಗುಡಿಯಲ್ಲಿ ಜನರಿರಲಿಲ್ಲ. ಕಲ್ಲು ನೆಲ ತಣ್ಣಗಿತ್ತು. ಲಿಂಗವಿಡುವ ಕರಡಿಗೆಯನ್ನು ನಾನೇ ತೆರೆದೆ, ನನ್ನ ಬೆರಳುಗಳಿಂದಲೇ. ಲಿಂಗವನ್ನು ಅಂಗೈಯಲ್ಲಿಟ್ಟು ವಿಭೂತಿ ಹಚ್ಚಿ ಮೇಲಕ್ಕೆತ್ತಿದೆ. ಅದರ ತೂಕ ಮರೆತೇ ಹೋಗಿತ್ತು. ಇಷ್ಟೇನಾ ಅನಿಸಿತು, ಇಷ್ಟೊಂದಾ ಎಂದೂ ಅನಿಸಿತು. ಅಷ್ಟರಲ್ಲಿ ಕಂಬಗಳ ಅಂಚು ಕಪ್ಪಾಗತೊಡಗಿತು. ಕಿವಿಯಲ್ಲಿ ಮಿಲ್ಲಿನ ಸದ್ದು. ನಾನು ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಅದಕ್ಕೂ ಮೊದಲು ಕಲ್ಲಿನ ಮೇಲೆ ಟಕ್ ಎಂದ ಸಣ್ಣ ಸದ್ದು ಮಾತ್ರ ಕೇಳಿಸಿತ್ತು.

ಕಣ್ಣು ಬಿಟ್ಟಾಗ ಬಳ್ಳಾರಿಯ ಆಸ್ಪತ್ರೆ. ಕೈಗೆ ಸಲೈನ್. ಉಪ್ಪು, ಸಕ್ಕರೆ, ಬಿಪಿ ಎಲ್ಲ ತಳ ಮುಟ್ಟಿದ್ದವಂತೆ. ಡಾಕ್ಟರಮ್ಮ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಸ್ಟೆರಾಯ್ಡನ್ನು ಹೀಗೆ ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಬರುತ್ತದೆ ಎಂದರು. ಹಸಿದಾಗ ಕೆಲವರಿಗೆ ಬಾವು ಇಳಿಯುವುದುಂಟು, ಊಟ ಶುರುವಾದ ಮೇಲೆ ಮರಳಿ ಬರುತ್ತದೆ ಎಂದೂ ಹೇಳಿದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಹೋದ ಮೇಲೆ ತಂಗಿಯನ್ನು, ಲಿಂಗ ಎಲ್ಲಿ ಎಂದು ಕೇಳಿದೆ.

ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದೆಂದು ಅವಳು ಸೆರಗಿನಿಂದಲೇ ಎತ್ತಿ ಕರಡಿಗೆಗೆ ಹಾಕಿ ತಂದಿದ್ದಳು. ಅಂಚಿನಲ್ಲಿ ಜೋಳದ ಕಾಳಿನ ಮೂಗಿನಷ್ಟು ಚಕ್ಕೆ ಹೋಗಿತ್ತು. ಅಜ್ಜಿಯ ಮಾತನ್ನು ನಾನು ಹೇಳಬೇಕಾಗಿರಲಿಲ್ಲ. ಅವಳೂ ಅದೇ ಅಜ್ಜಿಯ ಮೊಮ್ಮಗಳು.

"ಅದು ಬಿತ್ತಂತ ನೀ ಸಾಯಬೇಕೇನು?" ಎಂದಳು ತಂಗಿ. "ನೀನೂ ಬಿದ್ದೆಲ್ಲ. ಅದೇನು ಸತ್ತೈತೇನು?"

ಸ್ವಲ್ಪ ಹೊತ್ತು ಬಿಟ್ಟು ಅವಳೇ ಅತ್ತಳು, ವಿಡಿಯೋ ಕಳಿಸಿದ್ದಕ್ಕೆ. ನಾನು ಅವಳ ತಲೆ ಸವರಿದೆ. ಕೈ ಆಗಲೂ ಬಿಚ್ಚಿಕೊಂಡೇ ಇತ್ತು.

ಮನೆಗೆ ಬಂದು ಗಂಜಿ, ಆಮೇಲೆ ಮೆತ್ತನೆಯ ಅನ್ನ. ಮಾತ್ರೆಗಳು ಮತ್ತೆ ಶುರುವಾದವು, ಒಂದು ಹೊಸದೂ ಸೇರಿತು. ಎರಡು ವಾರದೊಳಗೆ ಬೆರಳುಗಳು ಒಂದೊಂದಾಗಿ ತಮ್ಮ ಹಳೆಯ ಜಾಗಕ್ಕೆ ಮಡಚಿಕೊಂಡವು. ಹೊಸ ಮಾತ್ರೆಯಿಂದ ನೋವು ತುಸು ಕಡಿಮೆ ಇದೆ, ಅಂಗೈ ನೆಟ್ಟಗಾಗಿಲ್ಲ. ನೆಟ್ಟಗಾಗುವುದೆಂದು ಡಾಕ್ಟರಮ್ಮನೂ ಹೇಳಿಲ್ಲ.

ಒಂದು ಬೆಳಿಗ್ಗೆ ನಾನು ಮಣೆಯನ್ನು ಹೊರಗೆ ತೆಗೆದು, ಮತ್ತೆ ಒಳಗಿಟ್ಟು, ಕರಡಿಗೆ ಹಿಡಿದು ಕೂತಿದ್ದೆ. ಹುಕ್ಕು ಹಾಕಲು ಬಂದಿದ್ದ ಮನೆಯವರು ನೋಡಿದರು. ಪೂಜೆ ಪುನಸ್ಕಾರ ಅವರಿಗೆ ಅಷ್ಟಕ್ಕಷ್ಟೇ. ಮೊಣಕಾಲು ಮಡಚಲು ಬರುವುದಿಲ್ಲವೆಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ತಮ್ಮ ಬಲಗೈಯನ್ನು ನನ್ನ ಎಡಗೈಯ ಕೆಳಗೆ ತಂದು ಹಿಡಿದರು.

"ಇಡು," ಎಂದರು.

ಹೀಗೆ ಮಾಡಬಹುದೋ ಇಲ್ಲವೋ ನಾನು ಯಾರನ್ನೂ ಕೇಳಿಲ್ಲ. ಅವರು ಮುಟ್ಟುವುದು ನನ್ನ ಕೈಯನ್ನು, ಲಿಂಗವನ್ನಲ್ಲ. ನನ್ನ ಬೆರಳು ಎಲ್ಲೆಲ್ಲಿ ಸೋಲುತ್ತವೋ ಅಲ್ಲಲ್ಲಿ ಅವರ ಬೆರಳು ಬಂದು ನಿಲ್ಲುತ್ತವೆ. ಚಕ್ಕೆ ಹೋದ ಅಂಚನ್ನು ನನ್ನ ಕಡೆಗೆ ಇಟ್ಟುಕೊಂಡು ನೋಡುತ್ತೇನೆ. ಅವರು ಕಿಟಕಿಯ ಹೊರಗೆ ನೋಡುತ್ತಾರೆ. ಕೈ ಮಾತ್ರ ಅಲುಗಿಸುವುದಿಲ್ಲ. ಬಹಳ ಹೊತ್ತಾದರೆ ಅದೇ ಮಾತು, ದಿನವೂ:

"ಲಗು ಮುಗಸು. ಕಾಫಿ ಆರಾಕತ್ತೈತಿ."