ಡಾಂಬರು ಹರಿಸುವ ಚೆನ್ನಯ್ಯನವರು

ಇಂಗ್ಲೆಂಡಿನ ಲಫ್‌ಬರೋದಲ್ಲಿ ಕೂತು ಕೆನಡಾದ ಡಾಂಬರು ಹರಿಸುವವರು ನಮ್ಮ ಚೆನ್ನಯ್ಯನವರು. ಅಲ್ಲಿ ಎಣ್ಣೆಮರಳಿನಿಂದ ತೆಗೆದ ಡಾಂಬರು ಕೊಳವೆಯಲ್ಲಿ ಸಾಗಿ ಸಂಸ್ಕರಣಾ ಕೇಂದ್ರ ಸೇರುವವರೆಗೆ ಅದರ ಬಿಸಿಯನ್ನೂ ವೇಗವನ್ನೂ ಇಲ್ಲಿನ ಕಂಪ್ಯೂಟರಿನಲ್ಲಿ ನೋಡಿಕೊಳ್ಳುವುದು ಅವರ ಉದ್ಯೋಗ. ಆ ಕೊಳವೆಯನ್ನು ಅವರು ಕಣ್ಣಾರೆ ಕಂಡಿಲ್ಲ, ಆದರೂ ಹತ್ತಿರದ ನೆಂಟರ ಜ್ವರದಂತೆ ಅದರ ಬಿಸಿ ವಿಚಾರಿಸುತ್ತಲೇ ಇರುತ್ತಾರೆ. "ಬಿಸಿ ಇರ್ಬೇಕು, ತೆಳು ಇರ್ಬೇಕು, ನಿಲ್ಲಬಾರ್ದು ಮಾರಾಯ್ರೆ, ನಿಂತ್ರೆ ಗಟ್ಟಿಯಾಯ್ತು!" ಎಂಬುದು ಅವರ ಮಂತ್ರ. ಡಾಂಬರಿಗೆ ಮಾತ್ರ ಅನ್ವಯಿಸಿದ್ದರೆ ನಾವು ಬದುಕುತ್ತಿದ್ದೆವು. ಕನ್ನಡ ಬಳಗದ ಊಟದಲ್ಲಿ ಸಾಂಬಾರು ಕಂಡರೆ ಬಿಸಿನೀರು ಸುರಿದೇ ಬಿಡುತ್ತಾರೆ. ನಾಟಿಂಗ್‌ಹ್ಯಾಮಿನಲ್ಲಿ ಟ್ರ್ಯಾಮು ಎರಡು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದೇ ಹೊರಡುತ್ತಾರೆ. ಅಷ್ಟರಲ್ಲಿ ಟ್ರ್ಯಾಮು ಅವರನ್ನು ದಾಟಿ ಹೋಗುತ್ತದೆ. ಮಾತಿನ ನಡುವೆ ಯಾರಾದರೂ ಉಸಿರೆಳೆದುಕೊಂಡರೆ ಆ ವಾಕ್ಯವನ್ನು ತಾವೇ ಮುಗಿಸಿಕೊಡುತ್ತಾರೆ. ಒಮ್ಮೆ ಜಿಪಿ ಡಾಕ್ಟರ ಹತ್ತಿರ ನನ್ನ ಜೊತೆಗೆ ಬಂದವರು ನನ್ನ ಮಂಡಿನೋವನ್ನೂ ತಾವೇ ವಿವರಿಸಿದರು, ನೋವಿಲ್ಲದ ಮಂಡಿಯನ್ನು ತೋರಿಸಿ. ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಹೋದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಅವರ ಹೆಂಡತಿ ಚಿತ್ರಾಕ್ಷಿಯವರಿಗೆ ಒಂದೊಂದು ಮಾತೂ ಕಷ್ಟ. ನನ್ನನ್ನು ಕಂಡು ನಕ್ಕು, "ಕಾ..." ಎಂದು ಅಲ್ಲಿಗೇ ನಿಂತರು. ಕಾಫಿ ಬೇಕೇ ಎಂದು ಕೇಳುತ್ತಿದ್ದಾರೆಂದು ನನಗೆ ತಿಳಿಯಿತು. ಆ ಮಾತು ಮುಗಿಸಿಕೊಡಲು ಬಾಯಿ ತೆರೆದೆ. ಚೆನ್ನಯ್ಯನವರು ಮೆಲ್ಲಗೆ ನನ್ನ ಕೈ ಒತ್ತಿದರು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿ ಎರಡನೆಯದಕ್ಕೆ ಹೊರಟಿತು. ಹೆಂಡತಿಯ ಮುಖದಿಂದ ಕಣ್ಣು ತೆಗೆಯದೆ ಅವರೆಂದರು: "ಇರಿ ಮಾರಾಯ್ರೆ, ಅರ್ಜೆಂಟಿಲ್ಲ. ಅವಳೇ ಹೇಳ್ತಾಳೆ."